ಕಾರಣವಿಲ್ಲದ ತಡ

ಗಂಡ: ನಾನು ದಾಳಾನಾ? ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದವನು ನಿನ್ನ ಲೆಕ್ಕದಲ್ಲಿ ದಾಳಾನಾ?

ಹೆಂಡತಿ: ಕಿರುಚಬೇಡಿ, ಪಕ್ಕದ ಮನೆಯವರಿಗೂ ಗೊತ್ತಾಗುತ್ತೆ. ನಿಮ್ಮನ್ನ ದಾಳ ಅಂದಿಲ್ಲ. ನಿಮ್ಮ ಬಸ್ಸು ತಡ ಆಗೋದು ದಾಳ ಹಾಕಿದ ಹಾಗೆ ಅಂದೆ.

ಗಂಡ: ಓಹೋ, ಬಹಳ ಮರ್ಯಾದೆ ಆಯ್ತು!

ಅವನು ಸಿಟಿ ಬಸ್ಸಿನ ಡ್ರೈವರ್. ಅವಳು ಅದೇ ಬಸ್ ಕಂಪನಿಯ ಆಫೀಸಿನಲ್ಲಿ ವೇಳಾಪಟ್ಟಿಯ ಲೆಕ್ಕ ಹಾಕುವವಳು. ಊಟದ ಮೇಜಿನ ಮೇಲೆ ಗಂಡನ ತಟ್ಟೆ ಇರಬೇಕಾದ ಜಾಗದಲ್ಲಿ ಲ್ಯಾಪ್‌ಟಾಪ್ ಕೂತಿತ್ತು. ದಾರಿಯಲ್ಲಿ ಆದ ತಡ ಸರಿದೂಗಲೆಂದು ಕೊನೆಯ ಸ್ಟಾಪಿನಲ್ಲಿ ಡ್ರೈವರುಗಳಿಗೆ ಹನ್ನೆರಡು ನಿಮಿಷದ ಬಿಡುವು ಸಿಗುತ್ತಿತ್ತು. ಅವನು ಸೊಂಟ ನೆಟ್ಟಗೆ ಮಾಡಿಕೊಂಡು ಒಂದು ಲೋಟ ಚಹಾ ಕುಡಿಯುವುದು ಆಗಲೇ. ಅದನ್ನು ಉಳಿಸುವುದೋ ಕತ್ತರಿಸುವುದೋ ಎಂದು ನಾಳೆ ಬೆಳಿಗ್ಗೆ ಮ್ಯಾನೇಜರ್ ಅವಳ ಲೆಕ್ಕ ನೋಡಿ ತೀರ್ಮಾನಿಸುವವರಿದ್ದರು.

ಹೆಂಡತಿ: ಇವತ್ತು ನಿಮ್ಮ ಬಸ್ಸನ್ನ ಕಂಪ್ಯೂಟರಲ್ಲಿ ಹತ್ತು ಸಾವಿರ ಸಲ ಓಡಿಸಿದೆ. ತಡ ಎಷ್ಟು ಅಂತ ಪ್ರತಿ ಸಲಾನೂ ಕಂಪ್ಯೂಟರೇ ಒಂದು ಚೀಟಿ ಎತ್ತುತ್ತೆ, ನಿಮ್ಮ ಹಳೇ ದಾಖಲೆಯಿಂದ.

ಗಂಡ: ಹತ್ತು ಸಾವಿರ ಸಲ! ಒಂದು ಸಲಾನಾದ್ರೂ ಡೀಸೆಲ್ ಹಾಕಿಸಿದ್ಯಾ? ಬಾಗಿಲಲ್ಲಿ ನೇತಾಡೋರನ್ನ ಬೈದ್ಯಾ?

ಹೆಂಡತಿ: ಬೈಗುಳಕ್ಕೆ ಲೆಕ್ಕದಲ್ಲಿ ಜಾಗ ಇಲ್ಲ.

ಗಂಡ: ಅಲ್ಲೇ ನೀನು ಎಡವಿದ್ದು. ನಾನೇನು ಸುಮ್‌ಸುಮ್ನೆ ತಡ ಮಾಡ್ತೀನಾ? ಪ್ರತಿ ನಿಮಿಷಕ್ಕೂ ಕಾರಣ ಇದೆ!

ಹೆಂಡತಿ: ಹೇಳಿ ಸ್ವಾಮಿ, ಬರ್ಕೊಳ್ತೀನಿ.

ಗಂಡ: ಮಾರ್ಕೆಟ್ ಸ್ಟಾಪಲ್ಲಿ ಊರುಗೋಲಿನ ಅಜ್ಜಿ. ಹತ್ತೋಕೆ ಒಂದು ನಿಮಿಷ, ಹತ್ತಿದ ಮೇಲೆ "ಇದೇ ಬಸ್ಸಾ" ಅಂತ ಕೇಳೋಕೆ ಎರಡು.

ಹೆಂಡತಿ: ಮೂರು. ಆಮೇಲೆ?

ಗಂಡ: ಶಾಲೆ ಮುಂದೆ ಕಾರು ಅಡ್ಡ ನಿಲ್ಲಿಸಿ ಮಗಳ ಶೂ ಲೇಸ್ ಕಟ್ಟೋ ಮಹಾಶಯ. ಅವನದೂ ಮೂರು.

ಗಂಡ ಎದೆಯುಬ್ಬಿಸಿ ಪರದೆಯತ್ತ ಬಗ್ಗಿದ. ಮೂಲೆಯಲ್ಲಿ "ಬಿಡುವು: ಆರು ನಿಮಿಷ" ಎಂದಿತ್ತು.

ಗಂಡ: ಇದೇನೇ ಇದು, ಆರು?

ಹೆಂಡತಿ: ಕಾರಣ ಗೊತ್ತಿಲ್ಲದ ತಡಕ್ಕೆ ಮಾತ್ರ ಬಿಡುವು ರೀ. ಕಾರಣ ಗೊತ್ತಾದ್ರೆ ಮ್ಯಾನೇಜರು ಸರಿ ಮಾಡಿಸ್ತಾರೆ. ಅಜ್ಜಿಗೆ ಕಂಡಕ್ಟರ್ ಕೈ ಕೊಡ್ತಾನೆ, ಕಾರಿನವನಿಗೆ ದಂಡ ಬೀಳುತ್ತೆ, ನಿಮ್ಮ ಬಿಡುವು ಇಳಿಯುತ್ತೆ. ಇನ್ನೂ ಇದ್ರೆ ಹೇಳಿ.

ಗಂಡ: ಯಾವ ಅಜ್ಜಿ?

ಹೆಂಡತಿ: ಊರುಗೋಲಿನ ಅಜ್ಜಿ.

ಗಂಡ: ಅಂಥ ಅಜ್ಜೀನೇ ನಾನು ಕಂಡಿಲ್ಲ. ಕಂಡರೂ ಒಂದಿನ ಬರ್ತಾರೆ, ಒಂದಿನ ಬರಲ್ಲ. ಆ ಕಾರಂತೂ ದೇವರಾಣೆ ದಾಳ. ನಾನೂ ದಾಳಾನೇ ಕಣೇ, ಮೊದಲು ಅದನ್ನ ಅಳಿಸು!

ಹೆಂಡತಿ: ಪ್ರತಿ ನಿಮಿಷಕ್ಕೂ ಕಾರಣ ಇದೆ ಅಂದ್ರಿ?

ಗಂಡ: ಬಾಯಿ ತಪ್ಪಿ ಬಂತು. ಅದಕ್ಕೂ ಕಾರಣ ಇಲ್ಲ.

ಅವಳು ನಗು ನುಂಗಿಕೊಂಡು ಎರಡೂ ಸಾಲು ಅಳಿಸಿದಳು. ಹನ್ನೆರಡು ವಾಪಸು ಬಂತು. ಅವನು ಉಸಿರು ಬಿಡುವಷ್ಟರಲ್ಲಿ ಅವಳ ಹುಬ್ಬು ಗಂಟಿಕ್ಕಿತು.

ಹೆಂಡತಿ: ಇದು ಯಾವುದು? ಬುಧವಾರ ಸಂಜೆ, ನೀರಿನ ಟ್ಯಾಂಕ್ ತಿರುವಲ್ಲಿ ಒಂಬತ್ತು ನಿಮಿಷ. ಅದರ ಹಿಂದಿನ ಬುಧವಾರಾನೂ ಒಂಬತ್ತು, ಅದಕ್ಕೂ ಹಿಂದಿನದೂ ಒಂಬತ್ತು. ದಾಳಕ್ಕೆ ಕ್ಯಾಲೆಂಡರ್ ನೋಡೋಕೆ ಬರಲ್ಲ ರೀ. ಯಾರಿದ್ದಾರೆ ಅಲ್ಲಿ?

ಗಂಡ: ಅಲ್ಲಿ ಯಾರೂ ಇಲ್ಲ.

ಹೆಂಡತಿ: ಆಹಾ, ಯಾರೂ ಇಲ್ಲದವರನ್ನ ನೋಡೋಕೆ ವಾರವಾರ ಒಂಬತ್ತು ನಿಮಿಷ! ಮ್ಯಾನೇಜರ ಕಣ್ಣಿಗೆ ಇದು ಬಿದ್ರೆ ಬಿಡುವಿಗಲ್ಲ, ಕೆಲಸಕ್ಕೇ ಕುತ್ತು. ಬಾಯಿ ಬಿಡಿ.

ಗಂಡ: ಬುಧವಾರ ನಿನ್ನ ಮೀಟಿಂಗ್ ಎಷ್ಟೊತ್ತಿಗೆ ಮುಗಿಯುತ್ತೆ?

ಹೆಂಡತಿ: ಮಾತು ಹಾರಿಸ್ಬೇಡಿ. ಆರೂವರೆಗೆ.

ಗಂಡ: ನಿಮ್ಮ ಆಫೀಸ್ ಸ್ಟಾಪಿಗೆ ನನ್ನ ಬಸ್ಸು ಬರಬೇಕಾದ್ದು?

ಹೆಂಡತಿ: ಆರು ಇಪ್ಪತ್ತೊಂದಕ್ಕೆ...

ಅವಳ ಬೆರಳು ಕೀಲಿಗಳ ಮೇಲೇ ನಿಂತುಹೋಯಿತು.

ಗಂಡ: ಆ ತಿರುವಿಂದ ನಿಮ್ಮ ಗೇಟು ಚೆನ್ನಾಗಿ ಕಾಣುತ್ತೆ. ನೀನು ಹೊರಗೆ ಬಂದ ಮೇಲೇ ಗಾಡಿ ಎತ್ತೋದು, ಹಿಂದೆ ಕೂತೋರ ಹತ್ರ ಉಗಿಸ್ಕೊಂಡು.

ಹೆಂಡತಿ: ಅಯ್ಯೋ! ನಾನು ಸ್ಟಾಪಿಗೆ ಬಂದ ತಕ್ಷಣ ಬಸ್ಸು ಸಿಗೋದು ನನ್ನ ಅದೃಷ್ಟ ಅಂದ್ಕೊಂಡಿದ್ನಲ್ರೀ, ಮೂರು ವರ್ಷದಿಂದ!

ಗಂಡ: ಸಂಭವನೀಯತೆ ಓದಿದ ವಿದ್ವಾಂಸೆ ನೀನು! ಬರ್ಕೊ: ಕಾರಣ, ಹೆಂಡತಿ. ಪರಿಹಾರ ಮ್ಯಾನೇಜರೇ ಹುಡುಕಲಿ.

ಅವಳಿಗೆ ಕಣ್ಣು ತುಂಬಿ ಬಂತು, ಜೊತೆಗೆ ನಗುವೂ ಬಂತು. ಆ ಸಾಲಿನ ಎದುರು "ಕಾರಣ ಗೊತ್ತಿಲ್ಲ" ಎಂದು ಬರೆದು, ಲ್ಯಾಪ್‌ಟಾಪ್ ಮುಚ್ಚಿ, ಗಂಡನಿಗೆ ತಟ್ಟೆ ಹಾಕಿದಳು.

ಗಂಡ: ಆ ಗೊತ್ತಿಲ್ಲದ ಕಾರಣಕ್ಕೆ ಒಂದು ಮಾತು ಹೇಳ್ತೀನಿ. ನಾಳೆ ಬುಧವಾರ. ಮೀಟಿಂಗ್ ಮುಗಿಯೋ ಹೊತ್ತಿಗೆ ಎದ್ದು ನಿಂತು "ಒಂದು ಸಣ್ಣ ಪ್ರಶ್ನೆ ಸಾರ್" ಅನ್ನಬೇಡ.