ಸಮಯ ತಪ್ಪದ ತಾತ

ಗಡಿಯಾರದ ತಾತನ ಮರ್ಯಾದೆ ಅಂದು ಮೊಮ್ಮಗಳ ಕೈಯಲ್ಲಿತ್ತು. ನಮ್ಮ ತಾತ ಜೀವಮಾನದಲ್ಲಿ ಒಂದು ನಿಮಿಷವೂ ತಡ ಮಾಡಿದವನಲ್ಲ ಎಂದು ಅವಳು ಶಾಲೆಯಲ್ಲೆಲ್ಲ ಡಂಗುರ ಸಾರಿದ್ದಳು. ಸರಿ, ಸಮಯಪಾಲನೆಯ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಶಾಲೆಯಿಂದ ಅವಳ ಮೂಲಕವೇ ಕರೆ ಬಂತು. ಹತ್ತು ಗಂಟೆಗೆ ಬಾ ಎಂದು ಮೂರು ಸಲ ಹೇಳಿ ಅವಳು ಶಾಲೆಗೆ ಹೋದಳು.

ನಲವತ್ತು ವರ್ಷ ಊರವರ ಗಡಿಯಾರ ರಿಪೇರಿ ಮಾಡಿದ ತಾತನ ಕೈಗಡಿಯಾರ ನಿಂತು ತಿಂಗಳಾಗಿತ್ತು. ಅದನ್ನು ಬಿಚ್ಚಲು ಪುರುಸೊತ್ತಾಗಿರಲಿಲ್ಲ. ಮನೆಯ ಗೋಡೆ ಗಡಿಯಾರವನ್ನು ಮಾತ್ರ ಕಾಲು ಗಂಟೆ ಮುಂದಿಟ್ಟಿದ್ದ. ಹಾಗೆ ಮುಂದಿಟ್ಟರೆ ಮನುಷ್ಯ ಎಂದೂ ತಡ ಮಾಡಲಾರ ಎಂಬುದು ಮೊಮ್ಮಗಳಿಗೆ ಅವನು ಕಲಿಸಿದ ಮೊದಲ ಪಾಠ. ಆ ಕಾಲು ಗಂಟೆಯನ್ನು ಮನಸ್ಸಿನಲ್ಲೇ ಕಳೆದು ಹಾಯಾಗಿರುವ ಪಾಠವನ್ನು ಯಾರಿಗೂ ಕಲಿಸದೆ ತನಗೇ ಇಟ್ಟುಕೊಂಡಿದ್ದ. ಅಂದೂ ಕಾಲು ಗಂಟೆ ಉಳಿದಿದೆಯಲ್ಲ ಎಂದು ಬೂಟಿಗೆ ಎರಡನೆಯ ಸಲ ಪಾಲಿಶ್ ತಿಕ್ಕುತ್ತ ಕೂತ.

ಅಜ್ಜಿ ಅಡುಗೆಮನೆಯಿಂದ ಇಣುಕಿದಳು. "ಇನ್ನೂ ಹೊರಟಿಲ್ವಾ? ಗಂಟೆ ಹತ್ತಾಯ್ತು."

"ಅದು ಮುಂದಿದೆ ಕಣೇ."

"ಎಲ್ಲಿ ಮುಂದಿದೆ? ಇವತ್ತಾದ್ರೂ ಗೊಂದಲ ಬೇಡ ಅಂತ ಬೆಳಿಗ್ಗೆನೇ ಸರಿ ಮಾಡಿಟ್ಟೆ."

ತಾತ ಬೂಟಿಗೆ ಕಾಲು ತುರುಕಿ ಓಡಿದ. ಬೀದಿಗೆ ಇಳಿದರೆ, ಕೋಟಿನ ಗುಂಡಿ ನೇತಾಡುತ್ತಿದೆ ಎಂದು ದರ್ಜಿ ಅವನನ್ನು ತನ್ನ ಅಂಗಡಿಯೊಳಗೆ ಎಳೆದುಕೊಂಡ. ಅಲ್ಲೇ ಪೇಪರ್ ಓದುತ್ತಿದ್ದ ಪಕ್ಕದ ಮನೆಯ ಗುಮಾಸ್ತ, ಭಾಷಣವನ್ನು ನಿಮ್ಮ ತಪ್ಪುಗಳಿಂದಲೇ ಶುರು ಮಾಡಿ ಎಂದು ಬುದ್ಧಿ ಹೇಳಿದ. ಅದಕ್ಕೆ ಒಂದು ದಿನ ಸಾಲದು ಎಂದುಕೊಂಡ ತಾತ. ಗುಂಡಿಗೆ ಗಂಟು ಬೀಳುವ ತನಕ ಬುದ್ಧಿವಾದವೂ ಮುಗಿಯಲಿಲ್ಲ.

ಏದುಸಿರು ಬಿಡುತ್ತ ಶಾಲೆಯ ಸಭಾಂಗಣ ಹೊಕ್ಕು ನೋಡಿದರೆ, ಗೋಡೆಯ ಗಡಿಯಾರ ಸರಿಯಾಗಿ ಹತ್ತು ತೋರಿಸುತ್ತಿತ್ತು. ಹೋದ ವಾರ ಶಾಲೆಯ ಜವಾನ ತಂದುಕೊಟ್ಟಾಗ ತಾನೇ ರಿಪೇರಿ ಮಾಡಿದ ಗಡಿಯಾರ. ಮನೆಯ ಗಡಿಯಾರವೇ ತಪ್ಪು, ಅಜ್ಜಿಗೆ ಮುಳ್ಳು ತಿರುಗಿಸಲು ಬರುವುದಿಲ್ಲ ಎಂದು ಸಮಾಧಾನವಾಯಿತು. ಎದೆಯುಬ್ಬಿಸಿ ವೇದಿಕೆ ಹತ್ತಿದ.

"ನೋಡಿ ಮಕ್ಕಳೇ, ಹತ್ತು ಅಂದ್ರೆ ಹತ್ತು."

ಮಕ್ಕಳು ಕಿಸಕ್ಕೆಂದರು. ಮುಖ್ಯೋಪಾಧ್ಯಾಯಿನಿ ಮೆಲ್ಲಗೆ ಹೇಳಿದರು: "ಸರ್, ಅದು ಅರ್ಧ ಗಂಟೆ ಹಿಂದಿದೆ. ನಮ್ಮ ಜವಾನ ಯಾರೋ ಕೆಲಸ ಬಾರದವರ ಕೈಗೆ ರಿಪೇರಿಗೆ ಕೊಟ್ಟುಬಿಟ್ಟಿದ್ದಾನೆ. ಈಗ ಹತ್ತೂವರೆ."

ಮೊದಲ ಸಾಲಿನಲ್ಲಿ ಮೊಮ್ಮಗಳು ಕಣ್ಣರಳಿಸಿ ಕೂತಿದ್ದಳು. ಗಡಿಯಾರ ತಪ್ಪಾದರೆ ತಾನು ತಡ ಮಾಡಿದ ಹಾಗೆ, ಮಗುವಿನ ಮಾತು ಸುಳ್ಳಾದ ಹಾಗೆ. ತಾತ ಗಡಿಯಾರದ ಪರವಾಗಿ ನಿಂತುಬಿಟ್ಟ.

"ಸಾಧ್ಯವೇ ಇಲ್ಲ ಮೇಡಂ. ಅದನ್ನ ರಿಪೇರಿ ಮಾಡಿದ್ದು ಇದೇ ಕೈ."

ಮುಖ್ಯೋಪಾಧ್ಯಾಯಿನಿ ಗಡಿಯಾರವನ್ನೊಮ್ಮೆ, ತಾತನನ್ನೊಮ್ಮೆ ನೋಡಿದರು. "ನೀವೇನೂ ತಡ ಮಾಡಿಲ್ಲ ಸರ್. ನಿಮ್ಮನ್ನ ಕರೆದಿದ್ದೇ ಹತ್ತೂವರೆಗೆ."

ತಾತ ಮೊಮ್ಮಗಳ ಕಡೆ ತಿರುಗಿದ.

"ಟೈಮ್ ಯಾವಾಗ್ಲೂ ಮುಂದಿಡ್ಬೇಕು ಅಂತ ನೀನೇ ಕಲಿಸಿದ್ದಲ್ವಾ ತಾತ," ಎಂದಳು ಅವಳು. "ಅದಕ್ಕೇ ಹತ್ತು ಅಂದೆ."

ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಯಿತ್ತು ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತ, ತಾತ ಶಾಲೆಯ ಗಡಿಯಾರವನ್ನು ಮತ್ತೆ ರಿಪೇರಿಗೆಂದು ಎದೆಗವಚಿಕೊಂಡು ಮನೆಯ ದಾರಿ ಹಿಡಿದ. ದರ್ಜಿ ತನ್ನ ಅಂಗಡಿಯಿಂದ ತಲೆ ಹೊರಹಾಕಿ, ಗಂಟೆ ಎಷ್ಟಾಯ್ತು ತಾತ ಎಂದು ಕೇಳಿದ.

"ಗೊತ್ತಿಲ್ಲಪ್ಪ," ಎಂದ ತಾತ.