ಬದುವಿನ ಮೇಲೆ ಕಾಕಾ

ಎಪ್ಪತ್ತೆರಡನೇ ವಯಸ್ಸಿನಲ್ಲಿ ನಡೆಯಲು ಕಲಿತವರು ಶಿರಗುಪ್ಪಿಯಲ್ಲಿ ಒಬ್ಬರೇ, ನಮ್ಮ ಕಾಕಾ! ಅದಕ್ಕೂ ಮೊದಲು ನಡೆದದ್ದು ನಡಿಗೆಯೇ ಅಲ್ಲವೆಂದು ಅವರೇ ಈಗ ಹೇಳುತ್ತಾರೆ.

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಉಳಿಯಿತು, ಮಾನ ಹೋಯಿತು. ಅಂದಿನಿಂದ ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಮನೆಯವರೆಲ್ಲ ಸೇರಿ ಅವರ ಊಟವನ್ನು ಟೇಬಲ್ಲಿಗೆ ಏರಿಸಿದೆವು. ಐವತ್ತು ವರ್ಷ ಒಲೆಯ ಮುಂದೆ, ಹೆಂಡತಿಯ, ಅಂದರೆ ನಮ್ಮ ಕಾಕುವಿನ, ಪಕ್ಕ ಕೂತು ಬಿಸಿ ರೊಟ್ಟಿ ತಿಂದ ಮನುಷ್ಯ ಸುಮ್ಮನಿರುತ್ತಾರೆಯೇ?

"ಒಲಿ ಮುಂದ ಕುಂತು ಉಂಡು, ಯಾರ ಕೈನೂ ಹಿಡೀಲಾರದ ಏಳತೀನಿ. ಅಲ್ಲೀತನಕ ಬಿಡೂದಿಲ್ಲ!"

ಅಥಣಿಯ ಡಾಕ್ಟರಮ್ಮ ಒಬ್ಬರು ಒಂಟಿ ಕಾಲಲ್ಲಿ ನಿಲ್ಲುವುದನ್ನು, ಕೈ ಊರದೆ ಖುರ್ಚಿಯಿಂದ ಏಳುವುದನ್ನು, ಹಿಂದಿನ ಕಾಲಿನ ಬೆರಳಿಗೆ ಮುಂದಿನದರ ಹಿಮ್ಮಡಿ ತಾಗಿಸಿ ನಡೆಯುವುದನ್ನು ಹೇಳಿಕೊಟ್ಟರು. "ಅಲುಗಾಡಲಾರದ್ದು ಏನರ ಹಿಡಕೊಂಡು ಮಾಡ್ರಿ" ಎಂದರು. ನಮ್ಮ ಮನೆಯಲ್ಲಿ ಯಾರು ಏನು ಹೇಳಿದರೂ ಅಲುಗಾಡದ್ದು ಎಮ್ಮೆಯೊಂದೇ. ಕಾಕಾ ಅದನ್ನೇ ಹಿಡಿದರು! ಎರಡು ದಿನ ಸಹಿಸಿದ ಎಮ್ಮೆ ಮೂರನೆಯ ದಿನ ಪಕ್ಕಕ್ಕೆ ಸರಿಯಿತು.

"ಬಿದ್ದಿಲ್ಲಲೇ, ಕುಂತೀನಿ" ಎಂದು ಸಗಣಿಯೊಳಗಿಂದಲೇ ನನ್ನನ್ನು ಗದರಿದರು.

ನಡಿಗೆಗೆ ಆರಿಸಿಕೊಂಡದ್ದು ಕಬ್ಬಿನ ಹೊಲದ ಬದು. ನಮ್ಮ ಕಡೆ ಬದುವಿನ ಮೇಲೆ ಪಾದಕ್ಕೆ ಪಾದ ಜೋಡಿಸುತ್ತ "ಏಕ್, ದೋನ್, ತೀನ್" ಎಂದು ಎಣಿಸಿದರೆ ಅರ್ಥ ಒಂದೇ: ಜಾಗ ಅಳೆಯುತ್ತಿದ್ದಾರೆ! ಪಕ್ಕದ ಹೊಲದ ಅಣ್ಣಾ ಕುಡುಗೋಲು ಸಮೇತ ಕಬ್ಬಿನೊಳಗಿಂದ ಎದ್ದುಬಂದರು.

"ಯಾಕ್ರಿ ಕಾಕಾ, ಬದು ಅಳ್ಯಾಕತ್ತೀರಿ?"

"ಬೀಳಬಾರದಂತ ಕಸರತ್ತು ಮಾಡಾಕತ್ತೀನಪಾ!"

"ಹಂಗಾರ ನಾನೂ ಮಾಡತೀನಿ!" ಎಂದ ಅಣ್ಣಾ ಆ ತುದಿಯಿಂದ ಅಳೆಯತೊಡಗಿದರು. ದಿನಾ ಇಬ್ಬರೂ ನಡುವೆ ಎದುರಾಗುವುದು, ಯಾರೂ ದಾರಿ ಬಿಡದಿರುವುದು! ತಿಂಗಳಲ್ಲಿ ಅಣ್ಣಾನ ಮೊಣಕಾಲು ನೋವು ಹೋಯಿತು. ಸಂಶಯ ಹೋಗಲಿಲ್ಲ.

ಮೊನ್ನೆ ಕಾಕಾ ಟೇಬಲ್ಲಿಗೆ ಬೆನ್ನು ಹಾಕಿ ಒಲೆಯ ಮುಂದೆ ಕೂತರು. ನಾಲ್ಕು ರೊಟ್ಟಿ ಮುಗಿಸಿದರು. ಒಂದು ಮಂಡಿ ಊರಿ, ಮುಖ ಕೆಂಪಗೆ ಮಾಡಿಕೊಂಡು, ಎದ್ದೇಬಿಟ್ಟರು! ನಾನು ಚಪ್ಪಾಳೆ ತಟ್ಟಿದೆ. ಅವರು ನನ್ನತ್ತ ನೋಡಲೇ ಇಲ್ಲ. ಕಾಲು ಗಟ್ಟಿಯಾಗಿ ಊರಿ, ಬಗ್ಗಿ, ಕಾಕುವಿನ ಮುಂದೆ ಕೈ ಚಾಚಿದರು.

"ಏಳ. ಇನ್ನ ಗ್ವಾಡಿ ಹಿಡಿದು ಏಳೂದು ಬ್ಯಾಡ."

ಆ ಐವತ್ತು ವರ್ಷವೂ ಕಾಕು ಒಲೆಯ ಮುಂದಿನಿಂದ ಎದ್ದದ್ದು ಆ ಕೈ ಹಿಡಿದೇ. ಈ ಒಂದು ವರ್ಷ ಅವರು ಗೋಡೆಯವರೆಗೆ ತೆವಳಿ ಹೋಗಿ ಏಳುತ್ತಿದ್ದರು. ಅವರು ಬಡಿದ ರೊಟ್ಟಿಯನ್ನು ದಿನಾ ತಿಂದ ನಾವು ಯಾರೂ ಅದನ್ನು ನೋಡಿರಲಿಲ್ಲ. ಟೇಬಲ್ ಮುಂದೆ ಕೂತಿದ್ದ ಕಾಕಾ ಒಬ್ಬರೇ ನೋಡಿದ್ದರು.