ಗುಪ್ತಗಾಮಿ

ಬಾಯಿಬಿಟ್ಟರೆ ಕೆಲಸ ಕೆಡುತ್ತದೆ ಎಂಬುದು ಪುರವರದ ಚನ್ನಮಲ್ಲಮ್ಮನ ಗಟ್ಟಿ ನಂಬಿಕೆ. ಹೆಣ್ಣು ನೋಡುವುದಿರಲಿ, ಬೋರು ಕೊರೆಸುವುದಿರಲಿ, ಮುಗಿಯುವ ತನಕ ಪಕ್ಕದ ಮನೆಯ ಗೋಡೆಗೂ ಗೊತ್ತಾಗಬಾರದು. ಎಲ್ಲಿಯೂ ಆಯ್ಕೆಯಾಗದ ಮಗ ಗೌರೀಶ ಮೊದಲ ಸಲ ಒಂದು ಕಡೆ ಆಯ್ಕೆಯಾದಾಗ ಆಕೆ ಕದ ಮುಚ್ಚಿ ಪಿಸುಗುಟ್ಟಿದಳು: "ಕಣ್ಣು ಬಿದ್ದಾತು ಕಣಪ್ಪ. ಮುಗ್ಯೋಗಂಟ ಯಾರ್ತಾವೂ ಉಸುರ್ಬ್ಯಾಡ."

ಗೌರೀಶ ಗುರುವಿನ ಹತ್ತಿರವೂ ಉಸುರಲಿಲ್ಲ. ಗ್ರಹಚಾರ ಶುರುವಾದದ್ದೇ ಅಲ್ಲಿ.

ಅವನು ಸೇರಿದ್ದು ದೂರದೇಶದ ಮರಿಯಾ ಮೇಡಂ ಕೈಕೆಳಗೆ ಕೋಡಿಂಗ್ ಕಲಿಯುವ ಕಾರ್ಯಕ್ರಮಕ್ಕೆ. ಕಣ್ಣು ಕಾಣದವರಿಗೆ ಬರಹವನ್ನು ಓದಿ ಹೇಳುವ ಒಂದು ಉಚಿತ ತಂತ್ರಾಂಶಕ್ಕೆ ಕನ್ನಡ ಅಂಕಿಗಳನ್ನು ಓದಲು ಕಲಿಸುವುದು ಅವನ ಕೆಲಸ. ಅಲ್ಲಿನ ನಿಯಮ ಚನ್ನಮಲ್ಲಮ್ಮನ ನಿಯಮಕ್ಕೆ ತೀರಾ ಉಲ್ಟಾ. ಅರ್ಧಂಬರ್ಧ ಕೆಲಸವನ್ನೂ ಎಲ್ಲರಿಗೂ ಕಾಣುವಂತೆ ದಿನಾ ಹಾಕಬೇಕು, ಸಿಕ್ಕಿಹಾಕಿಕೊಂಡರೆ ಅವರ ಆನ್‌ಲೈನ್ ಗುಂಪಿನಲ್ಲಿ ಕೇಳಬೇಕು. ಅರೆಬೆಂದ ಅನ್ನವನ್ನು ಯಾರಾದರೂ ಗುರುವಿನ ಎಲೆಗೆ ಬಡಿಸುತ್ತಾರೆಯೇ? ಗೌರೀಶನಿಗೆ ಮನಸ್ಸು ಬರಲಿಲ್ಲ. ಗುಂಪಿನಲ್ಲಿ ತನಗೆ "ಗುಪ್ತಗಾಮಿ" ಎಂದು ಹೆಸರಿಟ್ಟುಕೊಂಡ. ಒಳಗೆ ಹೋದರೆ ಹೆಸರಿನ ಪಕ್ಕ ಹಸಿರು ಚುಕ್ಕೆ ಬಂದು ಮೇಡಂ ಮಾತನಾಡಿಸಿಬಿಟ್ಟಾರು ಎಂದು ಆ ಕಡೆ ತಲೆಯನ್ನೇ ಹಾಕಲಿಲ್ಲ.

ಒಂದು ದಿನ ಬೆಳಿಗ್ಗೆ ಮರಿಯಾ ಮೇಡಂ ಪತ್ರ ಬಂತು. "ಗೌರೀಶ್, ಕ್ಷೇಮವೇ? ಇಂದು ನಿಮ್ಮೂರಿನ ಸಂಜೆ ಐದರೊಳಗೆ ಆದಷ್ಟನ್ನು ತೋರಿಸು. ಎಲ್ಲಿಗೆ ಬಂತು ಎಂದು ಒಂದು ಸಾಲು ಬರೆದರೂ ಸಾಕು. ಇಲ್ಲವಾದರೆ ನಿನ್ನನ್ನು ಕೈಬಿಡದೆ ನನಗೆ ದಾರಿಯಿಲ್ಲ."

ಗೌರೀಶ ದಡಬಡಿಸಿ ಎದ್ದ. ಕೆಲಸ ಹಿಂದಿನ ದಿನವಷ್ಟೇ ಮುಗಿದಿತ್ತು, ಕಳಿಸುವುದೊಂದೇ ಬಾಕಿ. ಆದರೆ ಅವನ ಲ್ಯಾಪ್‌ಟಾಪು ವೈರು ಕಿತ್ತರೆ ಪ್ರಾಣ ಬಿಡುವಂಥದ್ದು, ಊರಿನಲ್ಲಿ ಲೈನ್ ಕೆಲಸವೆಂದು ಸಂಜೆಯವರೆಗೆ ಕರೆಂಟಿಲ್ಲ. ಫೋನಿನಲ್ಲಿ ಆ ಒಂದು ಸಾಲು ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗುರುವಿನ ಮುಂದೆ ಬರಿಗೈಯಲ್ಲಿ ನಿಲ್ಲುವುದು ಹೇಗೆಂದು ಪುಣ್ಯಾತ್ಮ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ, ಗೊಬ್ಬರದ ಚೀಲಕ್ಕೆ ತುರುಕಿ, ಮಧುಗಿರಿ ಬಸ್ಸಿಗೆ ಹೊರಟ.

ಹೊಸ್ತಿಲು ದಾಟಿದ್ದೇ ಪಕ್ಕದ ಮನೆಯ ಹನುಮಕ್ಕ ಪೊರಕೆ ಹಿಡಿದು ನಿಂತಿದ್ದಳು. "ಎಲ್ಲಿಗಪ್ಪಾ ಹೊಂಟೆ ಗೌರೀಶಾ?"

ಹೊರಟವರನ್ನು ಎಲ್ಲಿಗೆ ಎಂದು ಕೇಳಬಹುದೇ? ಕೇಳಿದ ಮೇಲೆ ಆಕೆಯೇ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಕೇಳ್ಬುಟ್ನಲ್ಲಪ್ಪಾ! ಒಳಿಕ್ಕೋಗಿ ಕುಂತು, ನೀರು ಕುಡ್ಕಂಡು ಹೋಗು."

ಚನ್ನಮಲ್ಲಮ್ಮ ಮಗನನ್ನು ಒಳಗೆಳೆದು ಕೂರಿಸಿ ನೀರು ಕುಡಿಸುವಷ್ಟರಲ್ಲಿ ಬಸ್ಸು ಹೋಯಿತು. ಮುಂದಿನ ಬಸ್ಸು ಕೆಟ್ಟುನಿಂತು ಬರಲೇ ಇಲ್ಲ. ಮಧ್ಯಾಹ್ನ ಕಳೆದ ಮೇಲೆ ಹನುಮಕ್ಕನ ಗಂಡ ಗಂಗಹನುಮಯ್ಯ ಲಗೇಜ್ ಆಟೋದಲ್ಲಿ ಹುಣಸೆಹಣ್ಣು ಹೇರಿಕೊಂಡು ಬಂದ.

"ಹತ್ಕಳ್ಳಾ. ಚೀಲದಾಗೇನು?"

ಗೌರೀಶನಿಗೆ ತಾಯಿಯ ಮಾತು ನೆನಪಾಯಿತು. "ಹುಣಸೆಹಣ್ಣು ಕಣಣ್ಣ."

"ಹಂಗಾರೆ ಹಿಂದಕ್ಕಾಕು. ಒಟ್ಟಿಗೆ ಮಾರ್ಬುಡಾನ," ಎಂದು ಗಂಗಹನುಮಯ್ಯ ಚೀಲವನ್ನು ಕಸಿದು ಮೂಟೆಗಳ ಸಂದಿಗೆ ಎಸೆದ. ಗೌರೀಶ ದಾರಿಯುದ್ದಕ್ಕೂ ಒಂದೊಂದು ಗುಂಡಿಗೂ ಕಣ್ಣು ಮುಚ್ಚಿದ. "ನಮ್ ಚೇತನ್ನೂ ಒಂದಷ್ಟು ದಿನದಿಂದ ಕದ ಹಾಕ್ಕಂಡು ಕುಂತವ್ನೆ. ಹೊಲದ ಕಡೆ ತಲೆ ಹಾಕಿಲ್ಲ," ಎಂದು ಗಂಗಹನುಮಯ್ಯ ಮಗನನ್ನು ಬೈದುಕೊಂಡದ್ದು ಅವನ ಕಿವಿಗೇ ಬೀಳಲಿಲ್ಲ.

ಮಧುಗಿರಿಯ ಮಂಡಿಯಲ್ಲಿ ಚೀಲ ತಕ್ಕಡಿಯೇರಿತು. ಮಂಡಿಯವನು ಹಣ್ಣು ನೋಡಲು ಕಬ್ಬಿಣದ ಕೊಕ್ಕೆ ಎತ್ತಿದ.

"ಬ್ಯಾಡ ಕಣಣ್ಣೋ! ಅದ್ರಾಗೆ ಲ್ಯಾಪ್‌ಟಾಪೈತೆ! ಐದ್ಗಂಟೆಯೊಳ್ಗೆ ಕೆಲ್ಸ ಕಳಿಸ್ದಿದ್ರೆ ನನ್ನ ತೆಗ್ದಾಕ್ತರೆ!"

ಇಡೀ ಮಂಡಿ ತಿರುಗಿ ನೋಡಿತು. ಗುಟ್ಟು ರಟ್ಟಾಯಿತು. ಆದರೆ ಬಾಯಿಬಿಟ್ಟ ಮೇಲೆ ನಡೆದದ್ದೇ ಬೇರೆ. ಮಂಡಿಯವನು ಫ್ಯಾನಿನ ವೈರು ಕಿತ್ತು ಪ್ಲಗ್ ಬಿಟ್ಟುಕೊಟ್ಟ, ಗಂಗಹನುಮಯ್ಯ ಮೂಟೆ ತಂದು ಕುರ್ಚಿ ಮಾಡಿದ, ಹಮಾಲರು ಉಸಿರು ಬಿಗಿಹಿಡಿದು ಸುತ್ತ ನಿಂತರು. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಕೆಲಸ ತಲುಪಿತು. ಗೌರೀಶನ ಕಣ್ಣು ಒದ್ದೆಯಾಯಿತು.

ಉತ್ತರ ಬೇಗ ಬಂತು. "ಬಹಳ ಚೆನ್ನಾಗಿದೆ. ಆದರೆ ಇದನ್ನು ಬಳಸಲಾಗದು. ನೀನು ಬಿಟ್ಟುಹೋದೆ ಎಂದುಕೊಂಡು ಹೋದ ವಾರ ಇದೇ ಕೆಲಸವನ್ನು ಬೇರೊಬ್ಬ ಸ್ವಯಂಸೇವಕನಿಂದ ಪಡೆದೆವು. ಗುಂಪಿನಲ್ಲಿ ಅವನು ನಿನ್ನನ್ನು ಮತ್ತೆ ಮತ್ತೆ ಕೇಳಿದ್ದಾನೆ. ನೋಡಲಿಲ್ಲವೇ? ನೀನು ಇನ್ನೂ ಇದ್ದೀಯೋ ಎಂದು ತಿಳಿಯಲೆಂದೇ ಇಂದು ಬರೆದದ್ದು. ಇನ್ನೊಂದು ಅವಕಾಶ ಕೊಡುತ್ತೇನೆ. ಮೊದಲಿನಿಂದ ಹೊಸ ಕೆಲಸ, ದಿನಾ ಅವನಿಗೆ ತೋರಿಸಬೇಕು."

ಗೌರೀಶ ಗುಂಪು ತೆರೆದ. "ಗುಪ್ತಗಾಮಿಯವರೇ, ಎಲ್ಲಿದ್ದೀರಿ? ಈ ಕೆಲಸ ನೀವು ಮಾಡುತ್ತಿದ್ದೀರಾ, ನಾನು ಮಾಡಲಾ?" ಎಂದು ಒಬ್ಬ ಗೋಗರೆದಿದ್ದ. ಕೆಳಗೆ ಹೆಸರಿತ್ತು: ಚೇತನ್ ಕುಮಾರ್, ಪುರವರ.

"ಲೇ, ಅವ್ನು ನಮ್ ಹೈದ ಅಲ್ವೇನ್ಲಾ?" ಎಂದ ಗಂಗಹನುಮಯ್ಯ, ಹಿಂದಿನಿಂದ ಬಗ್ಗಿ.

ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ದಿನಗಟ್ಟಲೆ ಒಂದೇ ಕೆಲಸವನ್ನು ಆ ಗೋಡೆಗೆ ಆ ಕಡೆ ಒಬ್ಬ, ಈ ಕಡೆ ಒಬ್ಬ ಮಾಡಿದ್ದರು. ಗೌರೀಶನಿಗೆ ಅಳು ಬರಲಿಲ್ಲ, ನಗುವೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಲ್ಯಾಪ್‌ಟಾಪನ್ನು ಬಯಲಾಗಿಯೇ ಕಂಕುಳಲ್ಲಿಟ್ಟುಕೊಂಡು ಹೊಸ್ತಿಲು ದಾಟಿದ. ಹನುಮಕ್ಕ ಅಂಗಳ ಗುಡಿಸುತ್ತಿದ್ದಳು.

"ಎಲ್ಲಿಗಪ್ಪಾ ಹೊಂಟೆ?"

"ನಿಮ್ಮನೆಗೇ ಕಣಕ್ಕಾ. ಚೇತನ್‌ಗೆ ಕೆಲ್ಸ ತೋರಿಸ್ಬೇಕು."

ಹನುಮಕ್ಕ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಮತ್ತೆ ಕೇಳ್ಬುಟ್ನಲ್ಲಪ್ಪಾ! ಒಳಿಕ್ಕೋಗಿ ನೀರು ಕುಡ್ಕಂಡು ಬಾ."